ಗೌರಿಯ ಬಾನಿಯಲ್ಲಿ ಸಿಕ್ಕ ಮುದ್ದೆ

ಪವಿ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ನಿನ್ನ ಮಾತ್ರೆ ತರಲು ಏಳರ ಬಸ್ಸಿಗೆ ತಾಳವಾಡಿಗೆ ಹೋಗುತ್ತಿದ್ದೇನೆ.

ಎದ್ದ ಕೂಡಲೇ ಸ್ಕಿಪ್ಪಿಂಗ್ ಹಗ್ಗ ಮುಟ್ಟಬೇಡ. ನಿನ್ನೆ ತಲೆ ಸುತ್ತಿ ಬಿದ್ದದ್ದು ಸಾಕು. ನರ್ಸಮ್ಮ ಹೇಳಿದ ಹಾಗೆ ಎರಡು ದಿನ ಸುಧಾರಿಸಿಕೊ. ಆಮೇಲೆ ದಿನ ಬಿಟ್ಟು ದಿನ, ಇಪ್ಪತ್ತೇ ನಿಮಿಷ, ಹೊಟ್ಟೆಗೆ ತಿಂದು. ಕಾಡಂಚಿಗೆ ಓಡಲು ಹೋಗಬೇಡ, ಆನೆ ಇದೆ. ಅಂಗಳದಲ್ಲೇ ಮಾಡು, ನಾನೂ ಜೊತೆಗೆ ನಡೆಯುತ್ತೇನೆ.

ಬೆಳಿಗ್ಗೆ ಹಸು ಗೌರಿಯ ಕಲಗಚ್ಚಿನ ಬಾನಿ ತೊಳೆಯುವಾಗ, ರಾತ್ರಿ ನಿನಗೆ ಬಡಿಸಿದ ಮುದ್ದೆ ಮುರಿಯದೆ ಹಾಗೇ ಸಿಕ್ಕಿತು. ತಿಂಗಳಿಂದ ಗೌರಿ ಮೈ ತುಂಬಿಕೊಂಡಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಸೊರಗಿದ್ದು ಕಾಣಲಿಲ್ಲ.

ಕೋಸು ತೂಗುವ ದಿನ ಆಳುಗಳ ಮುಂದೆ ನಿನ್ನನ್ನೂ ತಕ್ಕಡಿ ಹತ್ತಿಸಿ, "ಮೂಟೆಗಿಂತ ನೀನೇ ಜಾಸ್ತಿ ತೂಗ್ತೀಯ ಕಣವ್ವ" ಎಂದವಳು ನಾನೇ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಳುಗಳಲ್ಲಿ ದೊಡ್ಡಮಾದಮ್ಮ ಒಬ್ಬಳೇ, "ಎಣ್ಣು ಮಗೀಗೆ ಅಂಗನ್ಬ್ಯಾಡಿ ಕಣವ್ವ" ಎಂದಳು. ಅವಳನ್ನೂ ಗದರಿದೆ.

ಒಲೆಯ ಪಕ್ಕ ಮುದ್ದೆ ಮುಚ್ಚಿಟ್ಟಿದ್ದೇನೆ, ಅವರೆಕಾಳಿನ ಸಾರಿದೆ. ಗೌರಿಗೆ ಬೇರೆ ಹಾಕಿದ್ದೇನೆ. ಇದನ್ನು ನೀನೇ ತಿನ್ನು, ನನ್ನವ್ವ.

ಅವ್ವ