ಅಪ್ಪನ ಕುದುರೆ ಒದ್ದ ಮೆಟ್ಟಿಲು

ಊರಿಗೇ ದೊಡ್ಡ ಸುಳ್ಳುಗಾರನಾದ ಅಪ್ಪನಿಗೆ,

ಸ್ವರ್ಗದಲ್ಲೂ ನೀನು ಪ್ರವಾಸಿಗರನ್ನು ಸುತ್ತಿಸುತ್ತಿರಬೇಕು.

ಚರ್ಚಿನ ಮೆಟ್ಟಿಲು ಬಿರುಕುಬಿಟ್ಟದ್ದು ಹಿಂದೆ ದಂಡೆತ್ತಿ ಬಂದು ಊರು ಗೆದ್ದ ನಾರ್ಮನ್ ದೊರೆಯ ಕುದುರೆ ಒದ್ದು ಎಂದು ನೀನು ಹೇಳುತ್ತಿದ್ದಾಗ, ನೇಪಲ್ಸಿನಲ್ಲಿ ಇತಿಹಾಸ ಓದಿ ಬಂದ ಮಹಾಪಂಡಿತೆ ನಾನು ಎಲ್ಲರೆದುರು, "ಸುಳ್ಳು, ಅದು ಭೂಕಂಪದ್ದು" ಎಂದಿದ್ದೆ. ಮರುದಿನದಿಂದ ನೀನು ಯಾರಿಗೂ ಊರು ತೋರಿಸಲಿಲ್ಲ.

ಇವತ್ತು ಅಲ್ಲೇ ನಿಂತು ಪ್ರವಾಸಿಗರಿಗೆ ಭೂಕಂಪವನ್ನು ವಿವರಿಸುತ್ತಿದ್ದೆ. ಎದುರುಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಳು ಬಿಡಿಸುತ್ತಿದ್ದ ಆಸುಂತಜ್ಜಿ ಕೂಗಿದಳು: "ಏನೇ ನುಂಜಿಯಾ, ನಿಮ್ಮಪ್ಪನ ಕುದುರೇನ ಎಲ್ಲಿ ಕಟ್ಟಾಕಿದೀಯೇ?"

"ಯಾವ ಕುದುರೆ?" ಎಂದರು ಪ್ರವಾಸಿಗರು.

ಹೇಳಿದೆ ಅಪ್ಪ, ನಿನ್ನಂತೆಯೇ ಕೆನೆದು ಹೇಳಿದೆ. ಎಲ್ಲರೂ ಬಿರುಕಿನೊಳಗೆ ಬೆರಳಿಟ್ಟು ನೋಡಿದರು. ಒಬ್ಬಾಕೆ ಕುದುರೆಯ ಹೆಸರು ಕೇಳಿದಳು. ನೀನಾದರೆ ದಿನಕ್ಕೊಂದು ಹೆಸರಿಡುತ್ತಿದ್ದೆ.

ನಾನು "ಕತಾಲ್ದೊ" ಎಂದು ನಿನ್ನ ಹೆಸರನ್ನೇ ಹೇಳಿಬಿಟ್ಟೆ. ಆಸುಂತಜ್ಜಿ ಕಾಳು ಬಿಡಿಸುವುದನ್ನು ನಿಲ್ಲಿಸಿದಳು.

ನಿನ್ನ ನುಂಜಿಯಾ