ರೆಗಿನಾ ಎನ್ನಿ

ಟಾರ್ನುವ್, ಯಹೂದಿ ಕೇರಿಯ ಬೇಲಿಯೊಳಗಿನಿಂದ
ಸೆಪ್ಟೆಂಬರ್ 1942

ಕಾಜಿಮಿಯೆರಾ ಅಮ್ಮನವರಿಗೆ ನಮಸ್ಕಾರ.

ಆಲೂಗಡ್ಡೆ ಚೀಲದಲ್ಲಿ ನೀವು ಬೇಲಿ ದಾಟಿಸಿದ ನಮ್ಮ ಕೂಸಿಗೆ, ಪಾದ್ರಿಗಳ ಮುಂದೆ ಏನು ಹೆಸರು ಹೇಳಲಿ ಎಂದು ಕೇಳಿದ್ದೀರಿ. ರೆಗಿನಾ ಎನ್ನಿ. ನಿಮ್ಮ ಚರ್ಚಿನಲ್ಲೂ ನಡೆಯುವ ಹೆಸರು. ನಾನು ಬಟ್ಟೆ ವ್ಯಾಪಾರಿ, ಎರಡೂ ಕಡೆ ಉಡಬಹುದಾದ ಸರಕನ್ನೇ ಆರಿಸುತ್ತೇನೆ.

ಅದು ನನ್ನ ಹೆಂಡತಿಯ ಹೆಸರು. ಬದುಕಿರುವವರ ಹೆಸರನ್ನು ನಮ್ಮ ಯಹೂದಿಗಳಲ್ಲಿ ಮಗುವಿಗೆ ಇಡುವುದಿಲ್ಲ. ಹೆರಿಗೆಯಾದಾಗ ನಾನು ತಮಾಷೆಗೆ ಅದನ್ನೇ ಸೂಚಿಸಿದ್ದಕ್ಕೆ, "ನಾನಿನ್ನೂ ಗಟ್ಟಿಯಾಗಿದ್ದೀನಿ ಕಣ್ರೀ, ಅಷ್ಟು ಬೇಗ ಸಾಗಹಾಕ್ಬೇಡಿ!" ಎಂದು ಗದರಿದ್ದಳು.

ಸೋಮವಾರ ಜರ್ಮನ್ ಸಿಪಾಯಿಗಳು ನಮ್ಮ ಅಂಗಳಕ್ಕೆ ಬಂದು ಹೋದರು. ಇನ್ನು ಆ ಹೆಸರಿಗೆ ಅಡ್ಡಿಯಿಲ್ಲ.

ಒಂದೇ ಕೋರಿಕೆ. ಮಗುವನ್ನು ಹೆಸರು ಹಿಡಿದೇ ಬಾಯ್ತುಂಬ ಕರೆಯಿರಿ. ನನ್ನಿಂದ ಇನ್ನೂ ಆಗುತ್ತಿಲ್ಲ.

ಮಗುವಿನ ತಂದೆ,
ಗೆಟ್ಸೆಲ್