ನನಗೆ ದೆವ್ವದ ಕಥೆ ಆಗದಂತೆ

ನವೆಂಬರ್ ೧೫, ಶುಕ್ರವಾರ. ರಾತ್ರಿ ಹತ್ತೂವರೆ.

ರಜೆ. ಗಲ್ಫಿನ ಮಾಹೂಝ್ ಬಡಾವಣೆಯ ಈ ಫ್ಲಾಟಿನಿಂದ ಹೊರಗೆ ಕಾಲಿಡದೆ ಇಡೀ ದಿನ ನಮ್ಮ ಓದುವ ಗುಂಪು ಈ ತಿಂಗಳು ಹಂಚಿದ ದೆವ್ವದ ಬಂಗಲೆಯ ಕಾದಂಬರಿ ಓದಿದೆ. ಸಂಜೆ ಗುಂಪಿನ ಕ್ಲೊಟಿಲ್ಡಾ ಫೋನ್ ಮಾಡಿದಳು.

"ಅದನ್ನು ನೀನು ಓದ್ಬೇಡ ಮಾರಾಯ್ತಿ. ಅದ್ರಲ್ಲಿ ಗಂಡ ಸಾಯ್ತಾನೆ. ನಿಂಗೋಸ್ಕರ ಎಲ್ರೂ ಸೇರಿ ಬೇರೆ ಪುಸ್ತಕ ಇಟ್ಟಿದ್ದೇವೆ, ನಗೆಹನಿಯದ್ದು. ನಾಳೆ ಬಂದು ಬದಲಿಸಿ ಕೊಡ್ತೇನೆ."

ಶೈಲೇಶ್ ತೀರಿಕೊಂಡು ಏಳು ತಿಂಗಳು. ಅಂದಿನಿಂದ ನನಗೆ ಏನು ಆಗದು ಎಂಬುದನ್ನು ನನ್ನನ್ನು ಬಿಟ್ಟು ಎಲ್ಲರೂ ತೀರ್ಮಾನಿಸುತ್ತಾರೆ. ಈ ಪುಸ್ತಕ ನನಗೆ ತುಂಬಾ ಹಿಡಿಸಿದೆ ಎನ್ನಲು ಬಾಯಿ ಬರಲಿಲ್ಲ. ಗಂಡ ಸತ್ತವಳು ದೆವ್ವದ ಕಥೆಯನ್ನು ಖುಷಿಯಿಂದ ಓದುತ್ತಿದ್ದಾಳೆ ಎಂದರೆ ಏನೆಂದುಕೊಂಡಾರು? "ಆಯ್ತು" ಎಂದುಬಿಟ್ಟೆ. ನನ್ನ ಮೇಲೇ ಸಿಟ್ಟು.

ಕಾದಂಬರಿಯ ಆ ಹೆಂಗಸಿನ ಮೇಲೂ ಸಿಟ್ಟು. ಸತ್ತ ಗಂಡ ದಿನಾ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟುತ್ತಾನೆ. ಇವಳು ಚಿಲಕ ಹಾಕಿಕೊಂಡು ಮೂಲೆಯಲ್ಲಿ ನಡುಗುತ್ತಾಳೆ. ತೆಗೆಯಬಾರದೇ, ಪೆದ್ದಿ. ನೂರೆಂಬತ್ತು ಪುಟವಾಯಿತು, ಇನ್ನೂ ತೆಗೆದಿಲ್ಲ.

ಅರವತ್ತು ಪುಟ ಬಾಕಿ ಇದೆ. ನಾಳೆ ಹತ್ತು ಗಂಟೆಗೆ ಕ್ಲೊಟಿಲ್ಡಾ ಬರುತ್ತಾಳೆ.